ಈ ಹಾಡು ಯಾರು ಕೊಟ್ಟಿದ್ದು?

ಬ್ಯಾಂಡುಗಳು ತಮ್ಮ ಹಾಡನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ಸೈಟಿನಲ್ಲಿ ಯಾವುದಾದರೂ ಆಲ್ಬಂ ತೆರೆದು ನೋಡಿ. ಕವರ್ ಚಿತ್ರದ ಕೆಳಗೆ ಪುಟ್ಟ ಪುಟ್ಟ ಚೌಕಗಳ ಸಾಲು ಇರುತ್ತದೆ. ಒಂದರಲ್ಲಿ ಯಾರದೋ ಗಡ್ಡದ ಮುಖ, ಇನ್ನೊಂದರಲ್ಲಿ ಬೆಕ್ಕು, ಮತ್ತೊಂದರಲ್ಲಿ ಏನಂತಲೇ ತಿಳಿಯದ ನೀಲಿ ಬಣ್ಣ. ಅವರೆಲ್ಲ ಆ ಆಲ್ಬಂ ಅನ್ನು ದುಡ್ಡು ಕೊಟ್ಟು ಕೊಂಡವರು. ಅವರಲ್ಲಿ ಕೆಲವರು ಒಂದೆರಡು ಸಾಲು ಬರೆದು, ತಮಗೆ ಜಾಸ್ತಿ ಇಷ್ಟವಾದ ಹಾಡು ಇಂಥದ್ದು ಅಂತ ಹೆಸರು ಹಾಕಿರುತ್ತಾರೆ. ಹೊಸ ಬ್ಯಾಂಡ್ ಹುಡುಕೋಕೆ ಕೂತಾಗ ನನ್ನ ಕಣ್ಣು ಮೊದಲು ಹೋಗೋದು ಈ ಸಾಲಿನ ಮೇಲೆ. ಹಾಡು ಆಮೇಲೆ.

ಒಂದು ಚೌಕ ಒತ್ತಿದರೆ ಆ ಮನುಷ್ಯ ಇಲ್ಲಿಯವರೆಗೆ ಕೊಂಡ ಆಲ್ಬಂಗಳೆಲ್ಲ ಒಂದೇ ಪುಟದಲ್ಲಿ ಸಾಲಾಗಿ ಬರುತ್ತವೆ. ಪ್ರತಿ ಕವರ್ ಕೆಳಗೂ ಒಂದು ಸಂಖ್ಯೆ ಇರುತ್ತದೆ. ಇದೇ ಆಲ್ಬಂ ಇನ್ನೂ ಎಷ್ಟು ಜನರ ಹತ್ತಿರ ಇದೆ ಅಂತ ಅದು ಹೇಳುತ್ತದೆ. ಸಾವಿರಗಟ್ಟಲೆ ಇದ್ದರೆ ನಾನು ಸುಮ್ನೆ ಮುಂದೆ ಹೋಗುತ್ತೇನೆ. ಅಂಥದ್ದು ಹೇಗೂ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಹದಿನೈದೋ ಇಪ್ಪತ್ತೋ ಇದ್ದರೆ ಮಾತ್ರ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತೇನೆ. ಇಡೀ ಪ್ರಪಂಚದಲ್ಲಿ ಇಪ್ಪತ್ತು ಜನ ಕೊಂಡಿರುವ ಆಲ್ಬಂ ಇದು. ಅದರಲ್ಲಿ ಈ ಮಹಾನುಭಾವ ಒಬ್ಬ. ಯಾಕೆ ಕೊಂಡ? ಅವನಿಗೆ ಅದು ಸಿಕ್ಕಿದ್ದಾದರೂ ಎಲ್ಲಿ?

ಯಾರದಾದರೂ ಮನೆಗೆ ಹೋದಾಗ ಕಾಫಿ ಬರುವಷ್ಟರಲ್ಲಿ ಅವರ ಪುಸ್ತಕದ ಕಪಾಟು ಇಣುಕಿ ನೋಡುವ ಚಪಲ ಕೆಲವರಿಗೆ ಇರುತ್ತದಲ್ಲ, ಅದೇ ಚಪಲ ಇದು. ನನಗೆ ಒಳ್ಳೆಯ ಹಾಡು ಸಿಕ್ಕರಷ್ಟೇ ಸಾಲದು. ಅದನ್ನು ಯಾರು ಕೊಟ್ಟರು ಅಂತಲೂ ಗೊತ್ತಾಗಬೇಕು. ಹಾಡು ಚೆನ್ನಾಗಿದ್ದರೆ ಆಯಿತಪ್ಪ, ಕೊಟ್ಟವರನ್ನು ಕಟ್ಟಿಕೊಂಡು ಏನು ಮಾಡ್ತೀಯ ಅಂತ ಮಗಳು ಕೇಳುತ್ತಾಳೆ. ಅವಳ ಫೋನಿನಲ್ಲಿ ಹಾಡುಗಳು ತಾವೇ ಬರುತ್ತವೆ, ತಾವೇ ಹೋಗುತ್ತವೆ.

ಇಂಥ ಒಬ್ಬರ ಸಂಗ್ರಹದಿಂದಲೇ ನಾನು ಸಹಾರಾ ಮರುಭೂಮಿಗೆ ಹೋಗಿ ಬಿದ್ದದ್ದು. ಯಾವುದೋ ದೇಶದವನು, ಮೆಟಲ್ ಅನ್ನುವ ಅಬ್ಬರದ ರಾಕ್‌ನ ಹುಚ್ಚ. ಅವನ ಪುಟದ ತುಂಬ ತಲೆಬುರುಡೆ, ಬೆಂಕಿ, ಓದೋಕೆ ಬಾರದ ಮುಳ್ಳುಮುಳ್ಳು ಅಕ್ಷರಗಳು. ಅವುಗಳ ನಡುವೆ ಸಹೇಲ್ ಸೌಂಡ್ಸ್ ಅನ್ನುವ ಲೇಬಲ್‌ನ, ಅಂದರೆ ಆಲ್ಬಂ ಹೊರತರುವ ಸಂಸ್ಥೆಯ, ಒಂದು ಆಲ್ಬಂ ಇತ್ತು. ಅಷ್ಟು ಕಪ್ಪು ಕವರುಗಳ ನಡುವೆ ಇದೊಂದು ಯಾಕೆ ಅಂತ ಒತ್ತಿದೆ. ಆ ರಾತ್ರಿ ಬೇರೆ ಏನೂ ಕೇಳಲಿಲ್ಲ.

ಸಹೇಲ್ ಸೌಂಡ್ಸ್‌ನ ಕಥೆ ಹೇಳಲೇಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಕ್ರಿಸ್ಟೋಫರ್ ಕಿರ್ಕ್ಲಿ ಅನ್ನುವವನು ಪಶ್ಚಿಮ ಆಫ್ರಿಕಾದಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಾ ಓಡಾಡುತ್ತಿದ್ದ. ಆಗ ಅಲ್ಲಿ ಅಗ್ಗದ ಮೊಬೈಲ್ ಎಲ್ಲರ ಕೈಗೂ ಬಂದಿತ್ತು. ಇಂಟರ್ನೆಟ್ ಮಾತ್ರ ಬಂದಿರಲಿಲ್ಲ ಅನ್ನಬೇಕು. ಹಾಡುಗಳು ಬ್ಲೂಟೂತ್‌ನಲ್ಲಿ, ಮೆಮೊರಿ ಕಾರ್ಡ್‌ನಲ್ಲಿ ಕೈಯಿಂದ ಕೈಗೆ, ಊರಿಂದ ಊರಿಗೆ ದಾಟುತ್ತಿದ್ದವು. ಮರುಭೂಮಿ ದಾಟುವ ಲಾರಿಯಲ್ಲಿ ಕೂತವನ ಜೇಬಿನಲ್ಲಿ ಒಂದು ದೇಶದ ಹಾಡು ಇನ್ನೊಂದು ದೇಶಕ್ಕೆ ಹೋಗುತ್ತಿತ್ತು. ಮಾಲಿ ದೇಶದ ಉತ್ತರದಲ್ಲಿ ಕಿದಾಲ್ ಅನ್ನುವ ಊರಿದೆ. ಅಲ್ಲಿನ ಜನರ ಮೆಮೊರಿ ಕಾರ್ಡ್‌ಗಳಿಂದ ಕಿರ್ಕ್ಲಿ ಹಾಡು ಇಳಿಸಿಕೊಂಡ. ಆಮೇಲೆ ಅವನ್ನು ಹಾಡಿದವರು ಯಾರು ಅಂತ ಹುಡುಕೋಕೆ ಶುರು ಮಾಡಿದ. ಫೈಲಿನ ಮೇಲೆ ಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗೆ ಹುಡುಕಿ ಹುಡುಕಿ ಅವರ ಒಪ್ಪಿಗೆ ಪಡೆದು 2011ರಲ್ಲಿ ಸಹಾರಾದ ಸೆಲ್‌ಫೋನುಗಳ ಹಾಡು ಅಂತಲೇ ಒಂದು ಸಂಗ್ರಹ ತಂದ.

ಅದರಲ್ಲಿ ಒಂದು ಹಾಡು ನೈಜರ್ ದೇಶದ ಎಮ್ಡೂ ಮೊಕ್ತಾರ್‌ನದ್ದು. ಸಹಾರಾದ ತುವಾರೆಗ್ ಜನಾಂಗದ ಹುಡುಗ, ಎಡಗೈ ಗಿಟಾರ್‌ಗಾರ. ಮೊದಲ ಗಿಟಾರನ್ನು ತಾನೇ ಮಾಡಿಕೊಂಡವನು, ತಂತಿಗೆ ಸೈಕಲ್ ಬ್ರೇಕಿನ ಕೇಬಲ್. 2008ರಲ್ಲಿ ನೈಜೀರಿಯಾದ ಸೊಕೊಟೊ ಊರಿಗೆ ಹೋಗಿ ಒಂದು ಆಲ್ಬಂ ರೆಕಾರ್ಡ್ ಮಾಡಿದ್ದ. ದನಿಗೆ ಆಟೋಟ್ಯೂನ್, ಅಂದರೆ ಸ್ವರ ತಿದ್ದುವ ಸಾಫ್ಟ್‌ವೇರ್, ಹಾಕಿಸಿದ್ದ. ಮರಳುಗಾಡಿನ ಗಿಟಾರಿನ ಮೇಲೆ ರೋಬೋ ಹಾಡಿದ ಹಾಗೆ ಕೇಳುತ್ತದೆ ಅದು. ನನಗೆ ಮೊದಲು ನಗು ಬಂತು. ಆಮೇಲೆ ಅದನ್ನೇ ಮತ್ತೆ ಮತ್ತೆ ಹಾಕಿದೆ. ಆ ಆಲ್ಬಂ ಆಗ ಅಂಗಡಿಗೆ ಬರಲಿಲ್ಲ. ಫೋನುಗಳಲ್ಲೇ ಊರೂರು ಸುತ್ತಿತು. ಇವತ್ತು ಅವನ ಆಲ್ಬಂಗಳನ್ನು ತರುವುದು ಮ್ಯಾಟಡಾರ್ ಅನ್ನುವ ದೊಡ್ಡ ಇಂಡೀ ಲೇಬಲ್. 2021ರಲ್ಲಿ ಒಂದು ಬಂತು, 2024ರಲ್ಲಿ ಇನ್ನೊಂದು. ಈಗ ಅವನು ಸ್ಟೇಜಿನ ಮೇಲೆ ಗಿಟಾರ್ ಮೀಟುವ ವೇಗಕ್ಕೆ ಬಲಗಣ್ಣು ಎಡಗಣ್ಣು ಎರಡೂ ಸಾಲದು.

ಈ ಕಥೆ ಓದುವಾಗ ನನಗೆ ದೂರದ ದೇಶದ ಕಥೆ ಅನ್ನಿಸಲೇ ಇಲ್ಲ. 2010ರ ಆಸುಪಾಸಿನಲ್ಲಿ ನಮ್ಮ ಕಡೆಯೂ ಇದೇ ನಡೆಯುತ್ತಿತ್ತಲ್ಲ. ಬಸ್‌ಸ್ಟ್ಯಾಂಡ್ ಎದುರಿನ ರೀಚಾರ್ಜ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬಾ ಹಾಡು. ಅಂಗಡಿ ಹುಡುಗನ ಕಂಪ್ಯೂಟರಿನಲ್ಲಿ ಫೋಲ್ಡರುಗಳು ಸಾಲಾಗಿ ಇರುತ್ತಿದ್ದವು: ಹೊಸ ಹಿಟ್ಸ್, ಹಳೇ ಹಿಟ್ಸ್, ಡ್ಯುಯೆಟ್, ಸ್ಯಾಡ್, ಭಕ್ತಿ, ಜಾನಪದ. 'ಯಾವುದು ಹಾಕ್ಲಿ ಅಣ್ಣ' ಅಂದರೆ 'ಎಲ್ಲಾ ಸ್ವಲ್ಪ ಸ್ವಲ್ಪ ಹಾಕು' ಅನ್ನೋದು. ಮನೆಗೆ ಬಂದು ನೋಡಿದರೆ ಹಾಡುಗಾರರ ಹೆಸರು ಇರಬೇಕಾದ ಜಾಗದಲ್ಲಿ ಯಾವುದೋ ಡೌನ್‌ಲೋಡ್ ಸೈಟಿನ ಹೆಸರು. ಹಾಡಿನ ಹೆಸರು 'ಟ್ರ್ಯಾಕ್ 07'. ಅಂಥ ಒಂದು ಕಾರ್ಡಿನಲ್ಲಿ ನನಗೆ ಒಂದು ತತ್ವಪದ ಸಿಕ್ಕಿತ್ತು. ಏಕತಾರಿ, ದಮ್ಮಡಿ, ಒಬ್ಬ ಹೆಂಗಸಿನ ಒಡೆದ ದನಿ, ಹಿಂದೆ ಎಲ್ಲೋ ಒಂದು ಮಗು ಅಳುತ್ತದೆ. ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ಯಾರದೋ ಪಡಸಾಲೆಯಲ್ಲಿ ಫೋನಿನಲ್ಲೇ ಹಿಡಿದದ್ದು ಅಂತ ಗೊತ್ತಾಗುತ್ತಿತ್ತು. ಅದನ್ನು ಹಾಡಿದವರು ಯಾರು ಅಂತ ನಾನು ಕೇಳದ ಜನ ಇಲ್ಲ. ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಕಡೆ ಒಬ್ಬ ಕಿರ್ಕ್ಲಿ ಓಡಾಡಲಿಲ್ಲ ಅಂತ ಆಗಾಗ ಹೊಟ್ಟೆ ಉರಿಯುತ್ತದೆ.

ಇದೇ ಜಾತಿಯ ಇನ್ನೊಂದು ಕೆಲಸ ಬ್ರಯನ್ ಶಿಮ್ಕೋವಿಟ್ಜ್ ಅನ್ನುವವನದ್ದು. ಆಫ್ರಿಕಾದಲ್ಲಿ ಸಿಕ್ಕ ಕ್ಯಾಸೆಟ್‌ಗಳನ್ನು 2006ರಿಂದ ಒಂದೊಂದಾಗಿ ಆನ್‌ಲೈನ್‌ನಲ್ಲಿ ಹಾಕುತ್ತಾ ಬಂದ. ಕೆಲವು ವರ್ಷ ಆದ ಮೇಲೆ ಅದನ್ನೇ ಲೇಬಲ್ ಮಾಡಿ, ಹಾಡಿದವರಿಗೆ ದುಡ್ಡು ಹೋಗುವ ಹಾಗೆ ಹೊಸದಾಗಿ ಬಿಡುಗಡೆ ಮಾಡೋಕೆ ಶುರು ಮಾಡಿದ. ಇಥಿಯೋಪಿಯಾದ ಹೈಲು ಮೆರ್ಗಿಯ 1985ರ ಕ್ಯಾಸೆಟ್ 2013ರಲ್ಲಿ ಹಾಗೆ ಮರಳಿ ಬಂತು. ಮೆರ್ಗಿಯ ಆಗ ವಾಷಿಂಗ್ಟನ್ ಕಡೆ ಟ್ಯಾಕ್ಸಿ ಓಡಿಸುತ್ತಿದ್ದರು. ಕಾರಿನ ಡಿಕ್ಕಿಯಲ್ಲಿ ಒಂದು ಕೀಬೋರ್ಡ್. ಏರ್‌ಪೋರ್ಟಿನಲ್ಲಿ ಗಿರಾಕಿಗೆ ಕಾಯುವಾಗ ಅದನ್ನು ತೆಗೆದು ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ. ಕ್ಯಾಸೆಟ್ ಮತ್ತೆ ಬಂದ ಮೇಲೆ ಅವರು ಮತ್ತೆ ವೇದಿಕೆ ಹತ್ತಿದರು, 2018ರಲ್ಲಿ ಹೊಸ ಆಲ್ಬಂ ತಂದರು. ಎಪ್ಪತ್ತು ದಾಟಿದ ಮೇಲೆ!

ಮೊಕ್ತಾರ್, ಮೆರ್ಗಿಯ ಇವರಿಬ್ಬರನ್ನೂ ಇಂಡೀ ಬ್ಯಾಂಡ್ ಅನ್ನಬಹುದಾ ಅಂತ ಕೇಳಬೇಡಿ. ದೊಡ್ಡ ಕಂಪನಿಯ ಬೆನ್ನು ಇಲ್ಲದೆ ತಮ್ಮ ಹಾಡನ್ನು ತಾವೇ ಹೊತ್ತುಕೊಂಡು ಹೋದವರೆಲ್ಲ ನನ್ನ ಲೆಕ್ಕದಲ್ಲಿ ಇಂಡೀನೇ.

ನಮ್ಮ ವಯಸ್ಸಿನವರಿಗೆ ಈ ಹುಡುಕಾಟದ ಚಟ ಹತ್ತಿಸಿದ್ದು ಮೈಸ್ಪೇಸ್. ಜನರೂ ಬ್ಯಾಂಡುಗಳೂ ತಮ್ಮ ತಮ್ಮ ಪುಟ ಮಾಡಿಕೊಳ್ಳುತ್ತಿದ್ದ, 2003ರಲ್ಲಿ ಶುರುವಾದ ಸೈಟ್. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಕೂತಾಗ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು. ಮಿನುಗುವ ಬಣ್ಣ, ಕಣ್ಣು ಚುಚ್ಚುವ ಹಿನ್ನೆಲೆ, ಕೇಳದೆಯೇ ಜೋರಾಗಿ ಶುರುವಾಗುವ ಹಾಡು. ಆದರೆ ಪ್ರತಿ ಬ್ಯಾಂಡಿನ ಪುಟದಲ್ಲೂ 'ಟಾಪ್ 8' ಅಂತ ಒಂದು ಪಟ್ಟಿ ಇರುತ್ತಿತ್ತು. ಆ ಬ್ಯಾಂಡಿನವರು ತಾವೇ ಆರಿಸಿ ಮುಂದೆ ಇಟ್ಟ ಎಂಟು ಸ್ನೇಹಿತರು. ಸುಮಾರು ಸಲ ಅವರೂ ಬ್ಯಾಂಡುಗಳೇ. ಒಬ್ಬರ ಎಂಟರಿಂದ ಇನ್ನೊಬ್ಬರ ಎಂಟಕ್ಕೆ, ಅಲ್ಲಿಂದ ಮುಂದಕ್ಕೆ. ಹಾಗೆ ನಾಲ್ಕು ಹೆಜ್ಜೆ ಹೋದರೆ ಗ್ಲಾಸ್ಗೋದಲ್ಲಿ ಶುರುವಾದದ್ದು ಮಾಂಟ್ರಿಯಲ್‌ನಲ್ಲಿ ಮುಗಿಯುತ್ತಿತ್ತು.

ಬ್ರಿಟನ್‌ನ ಆರ್ಕ್ಟಿಕ್ ಮಂಕೀಸ್ ಬ್ಯಾಂಡ್ ಮೈಸ್ಪೇಸ್‌ನಿಂದ ಮೇಲೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಜ ಏನಂದರೆ ಆ ಪುಟ ಮಾಡಿದ್ದು ಬ್ಯಾಂಡಿನ ಹುಡುಗರಲ್ಲ, ಅಭಿಮಾನಿಗಳು. ಶೆಫೀಲ್ಡ್ ಸುತ್ತಮುತ್ತ ಕಾರ್ಯಕ್ರಮ ಕೊಟ್ಟಾಗ ಹುಡುಗರು ಡೆಮೊ ಸಿ.ಡಿ. ಪುಕ್ಕಟೆ ಹಂಚಿದರು. ತಗೊಂಡವರು ಅದನ್ನು ನೆಟ್‌ಗೆ ಏರಿಸಿ ಹಂಚಿದರು. 2006ರ ಜನವರಿಯಲ್ಲಿ ಮೊದಲ ಆಲ್ಬಂ ಬಂದಾಗ ಬ್ರಿಟನ್‌ನಲ್ಲಿ ಒಂದೇ ವಾರದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಅದರ ಹೊಗಳಿಕೆ ಸೈಟಿಗೆ ಹೋಯಿತು. ಕಾರ್ಯಕ್ರಮ ಮುಗಿಸಿ ಮನೆಗೆ ಬಂದು, ನಿದ್ದೆಗೆಟ್ಟು ಸಿ.ಡಿ.ಯನ್ನು ಕಂಪ್ಯೂಟರಿಗೆ ತುಂಬಿಸಿದವರನ್ನು ಯಾರು ನೆನೆಸುತ್ತಾರೆ ಹೇಳಿ.

ಇನ್ನು ಪಿಚ್‌ಫೋರ್ಕ್. ಆಗಷ್ಟೇ ಹೈಸ್ಕೂಲು ಮುಗಿಸಿದ್ದ ರಯನ್ ಶ್ರೈಬರ್ ಅನ್ನುವ ಹುಡುಗ 1990ರ ದಶಕದ ನಡುವೆ ಮಿನಿಯಾಪೊಲಿಸ್‌ನಲ್ಲಿ ಶುರು ಮಾಡಿದ ವಿಮರ್ಶೆಯ ಸೈಟ್. ಅಲ್ಲಿ ಪ್ರತಿ ಆಲ್ಬಮ್ಮಿಗೂ ಹತ್ತಕ್ಕೆ ಅಂಕ, ಅದೂ ದಶಮಾಂಶದಲ್ಲಿ. 7.8 ಮತ್ತು 7.9ರ ನಡುವೆ ಏನು ವ್ಯತ್ಯಾಸ ಅಂತ ಬರೆದವರನ್ನೇ ಕೇಳಬೇಕು. ಆದರೂ ನಾವು ಆ ಅಂಕಗಳನ್ನು ಎಸ್.ಎಸ್.ಎಲ್.ಸಿ. ರಿಸಲ್ಟಿನಷ್ಟೇ ಭಕ್ತಿಯಿಂದ ನೋಡುತ್ತಿದ್ದೆವು. 2004ರಲ್ಲಿ ಕೆನಡಾದ ಆರ್ಕೇಡ್ ಫೈರ್ ಬ್ಯಾಂಡಿನ ಮೊದಲ ಆಲ್ಬಮ್ಮಿಗೆ 9.7 ಬಂತು. ಆ ಬ್ಯಾಂಡಿನ ಹಣೆಬರಹವೇ ಬದಲಾಯಿತು. ಅದೇ ವರ್ಷ ಟ್ರ್ಯಾವಿಸ್ ಮಾರಿಸನ್‌ನ ಆಲ್ಬಮ್ಮಿಗೆ 0.0 ಕೊಟ್ಟರು. ಒಳ್ಳೆಯ ಬ್ಯಾಂಡಿನಿಂದ ಹೊರಬಂದು ಒಂಟಿಯಾಗಿ ಮೊದಲ ಹೆಜ್ಜೆ ಇಟ್ಟಿದ್ದವನು ಅವನು. ಆ ಸೊನ್ನೆ ಅವನ ಬೆನ್ನು ಬಿಡಲೇ ಇಲ್ಲ. ನನಗೆ ಇದು ಆಗಲೂ ಸರಿ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಆ ವಿಮರ್ಶೆಯ ಕೆಳಗೆ ಬರೆದವರ ಹೆಸರು ಇರುತ್ತಿತ್ತು. ಬೈಯೋಕೆ ಒಬ್ಬ ಮನುಷ್ಯ ಸಿಗುತ್ತಿದ್ದ. ಒಬ್ಬರ ವಿಮರ್ಶೆಗಳನ್ನು ಕೆಲವು ತಿಂಗಳು ಓದಿದರೆ, ಇವರು ಹೊಗಳಿದ್ದು ನನಗೆ ಆಗಿಬರುವುದಿಲ್ಲ, ಬೈದದ್ದನ್ನು ಕೇಳಬಹುದು ಅಂತ ಲೆಕ್ಕ ಸಿಗುತ್ತಿತ್ತು. ಅದೂ ಒಂದು ದಾರಿಯೇ. 2024ರ ಜನವರಿಯಲ್ಲಿ ಮಾಲೀಕರು ಪಿಚ್‌ಫೋರ್ಕ್ ಅನ್ನು ತಮ್ಮ ಗಂಡಸರ ಫ್ಯಾಷನ್ ಪತ್ರಿಕೆಯೊಂದರ ಜೊತೆ ಸೇರಿಸಿದರು. ಕೆಲಸ ಹೋದವರಲ್ಲಿ ಕೆಲವರು ಸೇರಿ ಹಿಯರಿಂಗ್ ಥಿಂಗ್ಸ್ ಅಂತ ತಮ್ಮದೇ ಸೈಟ್ ಶುರು ಮಾಡಿದ್ದಾರೆ.

ಪಂಡೋರಾ ಅನ್ನುವ ಇಂಟರ್ನೆಟ್ ರೇಡಿಯೋ ನಮಗೆ ಸಿಕ್ಕ ಹಾಗೆ ಸಿಕ್ಕಿ, ಲೈಸೆನ್ಸ್ ತೊಂದರೆಯಿಂದ 2007ರಲ್ಲಿ ಅಮೆರಿಕದ ಹೊರಗಿನ ಹೆಚ್ಚಿನವರಿಗೆ ಬಾಗಿಲು ಹಾಕಿತು. ಲಾಸ್ಟ್ ಎಫ್‌ಎಂ ಇನ್ನೂ ಸ್ವಲ್ಪ ಕಾಲ ಇತ್ತು. ನೀವು ಕೇಳಿದ ಒಂದೊಂದು ಹಾಡನ್ನೂ ಅದು ಬರೆದಿಟ್ಟುಕೊಂಡು, ನಿಮ್ಮಂಥದ್ದೇ ಕಿವಿ ಇರುವವರನ್ನು ಹುಡುಕಿ 'ನೆರೆಹೊರೆಯವರು' ಅಂತ ತೋರಿಸುತ್ತಿತ್ತು. ನನ್ನ ನೆರೆಯವರಲ್ಲಿ ಒಬ್ಬ ಪೋಲೆಂಡಿನವನಿದ್ದ. ಒಂದು ದಿನವೂ ಮಾತಾಡಿಲ್ಲ. ಆದರೆ ಅವನು ಮಳೆಗಾಲದಲ್ಲಿ ಏನು ಕೇಳುತ್ತಾನೆ ಅಂತ ನನಗೆ ಗೊತ್ತಿತ್ತು. 2009ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿ ಬಿಟ್ಟು ಉಳಿದ ದೇಶಗಳಿಗೆ ಅದರ ರೇಡಿಯೋ ದುಡ್ಡಿನದಾಯಿತು. 2014ರಲ್ಲಿ ರೇಡಿಯೋನೇ ನಿಂತಿತು.

ಮೈಸ್ಪೇಸ್‌ನ ಕೊನೆ ಇನ್ನೂ ಕೆಟ್ಟದ್ದು. 2019ರ ಮಾರ್ಚ್‌ನಲ್ಲಿ ಸುದ್ದಿ ಬಂತು. ಸರ್ವರ್ ಬದಲಾಯಿಸುವಾಗ ಮೊದಲ ಹನ್ನೆರಡು ವರ್ಷಗಳಲ್ಲಿ ಜನ ಏರಿಸಿದ್ದ ಹಾಡುಗಳೆಲ್ಲ ಹೋದವಂತೆ. ಸುಮಾರು 5 ಕೋಟಿ ಹಾಡು ಅಂತ ಅಂದಾಜು. ಮುಂದೆ ಹೆಸರು ಮಾಡಿದವರ ಹಾಡು ಹೇಗೋ ಬೇರೆ ಕಡೆ ಉಳಿದಿರುತ್ತದೆ. ಎರಡೇ ವರ್ಷ ಇದ್ದು, ಮೂರು ಹಾಡು ಹಾಕಿ, ಆಮೇಲೆ ಕೆಲಸ, ಮದುವೆ ಅಂತ ಚದುರಿಹೋದ ಬ್ಯಾಂಡುಗಳ ಕಥೆ ಏನು? ಅವರ ಹಾಡು ಇದ್ದದ್ದೇ ಅಲ್ಲೊಂದು ಕಡೆ. ಮುಂದಿನ ತಿಂಗಳು, ನೆಟ್‌ನಲ್ಲಿ ಬಂದದ್ದನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆ ಸುಮಾರು 4.9 ಲಕ್ಷ ಫೈಲುಗಳನ್ನು ಹೊರತಂದಿತು. ಯಾರೋ ಸಂಶೋಧಕರು ತಮ್ಮ ಅಧ್ಯಯನಕ್ಕಾಗಿ ಹಿಂದೆ ಇಳಿಸಿಟ್ಟುಕೊಂಡಿದ್ದವು ಅವು. ಐದು ಕೋಟಿಯಲ್ಲಿ ಐದು ಲಕ್ಷ. ನೂರಕ್ಕೆ ಒಂದು. ಅಂದಿನಿಂದ ನಾನು ಇಷ್ಟವಾದದ್ದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳದೆ ಬಿಡುವುದಿಲ್ಲ.

ಈಗಿನ ಕಾಲಕ್ಕೆ ಬರೋಣ. ಹಾಡು ಕೇಳುವ ಆಪ್ ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರವರಿಯಲ್ಲಿ. ಅದರ 'ಡಿಸ್ಕವರ್ ವೀಕ್ಲಿ' ಅನ್ನುವ ಪಟ್ಟಿ ಅದಕ್ಕೂ ಮುಂಚೆ, 2015ರಲ್ಲೇ, ಬೇರೆ ದೇಶಗಳಲ್ಲಿ ಮನೆಮಾತಾಗಿತ್ತು. ಪ್ರತಿ ಸೋಮವಾರ 30 ಹಾಡು, ನಿಮಗಂತಲೇ. ಸುಳ್ಳು ಹೇಳಬಾರದು, ಅದು ಕೊಡುವ ಹಾಡು ಚೆನ್ನಾಗಿಯೇ ಇರುತ್ತವೆ. ನನ್ನ ತಕರಾರು ಬೇರೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗ 'ಅರೆ, ಚೆನ್ನಾಗಿದೆಯಲ್ಲ' ಅನ್ನಿಸಿದ ಬ್ಯಾಂಡಿನ ಹೆಸರು ಮಧ್ಯಾಹ್ನ ಊಟದ ಹೊತ್ತಿಗೆ ಮರೆತಿರುತ್ತದೆ. ಕಷ್ಟಪಟ್ಟು ಸಿಕ್ಕಿದ್ದಲ್ಲ, ಯಾರೂ ಕೊಟ್ಟಿದ್ದೂ ಅಲ್ಲ. ನೆನಪು ಯಾವುದಕ್ಕೆ ಅಂತ ಅಂಟಿಕೊಳ್ಳಬೇಕು?

ವಿಚಿತ್ರ ಅಂದರೆ ಆ ಪಟ್ಟಿಯ ಹಿಂದೆ ಇರುವುದೂ ಮನುಷ್ಯರೇ. ಕೋಟ್ಯಂತರ ಜನ ತಮಗಾಗಿ ಮಾಡಿಕೊಂಡ ಪ್ಲೇಲಿಸ್ಟುಗಳಲ್ಲಿ ಯಾವ ಹಾಡಿನ ಜೊತೆ ಯಾವ ಹಾಡು ಬರುತ್ತದೆ ಅನ್ನುವ ಲೆಕ್ಕವೇ ಅದರ ಮುಖ್ಯ ಬಂಡವಾಳ. ಎಲ್ಲೋ ಒಬ್ಬಳು ಹುಡುಗಿ ರಾತ್ರಿ ಬಸ್ಸಿಗೆ ಅಂತ ಎರಡು ಹಾಡು ಜೋಡಿಸಿರುತ್ತಾಳೆ. ಆ ಜೋಡಿಯೇ ಸುತ್ತಿ ಬಳಸಿ ನನ್ನ ಕಿವಿಗೆ ಬರುತ್ತದೆ. ಲಾಸ್ಟ್ ಎಫ್‌ಎಂ ಆಗಿದ್ದರೆ ಅವಳ ಹೆಸರು ತೋರಿಸುತ್ತಿತ್ತು. ಇದು ಲೆಕ್ಕ ಇಟ್ಟುಕೊಂಡು ಹುಡುಗಿಯನ್ನು ಅಳಿಸಿಬಿಟ್ಟಿದೆ. ಇನ್ನೊಂದು ತೊಡಕೂ ಇದೆ. ಯಾರ ಪಟ್ಟಿಯಲ್ಲೂ ಇಲ್ಲದ ಹೊಸ ಬ್ಯಾಂಡ್ ಈ ಲೆಕ್ಕಕ್ಕೆ ಕಾಣುವುದೇ ಕಷ್ಟ. ಮೇಲಿಂದ 2024ರಿಂದ ಅಲ್ಲಿ ಹೊಸ ನಿಯಮ. ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳಿಸದ ಹಾಡಿಗೆ ಬಿಡಿಗಾಸೂ ಇಲ್ಲ.

ಕೊಟ್ಟವರು ಯಾರು ಅಂತ ಕೇಳದೆ ಹೋದರೆ ಏನಾಗುತ್ತದೆ ಅಂತ 2025ರ ಜೂನ್, ಜುಲೈ ಹೊತ್ತಿಗೆ ಗೊತ್ತಾಯಿತು. ವೆಲ್ವೆಟ್ ಸನ್‌ಡೌನ್ ಅಂತ ಒಂದು ಬ್ಯಾಂಡ್. ಎಪ್ಪತ್ತರ ದಶಕದ ರಾಕ್‌ನ ಹದ. ಕೆಲವೇ ವಾರಗಳಲ್ಲಿ ಸ್ಪಾಟಿಫೈನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಿಂಗಳ ಕೇಳುಗರು. ಆಮೇಲೆ ನೋಡಿದರೆ ಅಂಥ ಬ್ಯಾಂಡೇ ಇಲ್ಲ. ಹಾಡು, ಫೋಟೊ ಎಲ್ಲವೂ ಎಐ ಮಾಡಿದ್ದು. ಕೊನೆಗೆ ಅದರ ಹಿಂದಿದ್ದವರೇ ಒಪ್ಪಿಕೊಂಡರು. ನಾನೂ ಒಂದೆರಡು ಹಾಡು ಕೇಳಿ ನೋಡಿದೆ. ಕೆಟ್ಟದಾಗಿಲ್ಲ. ಲಿಫ್ಟಿನಲ್ಲಿ ಹಾಕಬಹುದು. ಅಷ್ಟು ಲಕ್ಷ ಜನರಲ್ಲಿ 'ಈ ಬ್ಯಾಂಡನ್ನು ನಾನು ನೋಡಿದ್ದೇನೆ, ಡ್ರಮ್ಮರ್ ನಮ್ಮ ಏರಿಯಾದವನು' ಅನ್ನುವ ಒಬ್ಬನೂ ಇರಲಿಲ್ಲ ನೋಡಿ.

'ನಮ್ಮ ಏರಿಯಾ' ಅಂದಾಗ ಬೆಂಗಳೂರಿನ ಮಾತು ಬರಲೇಬೇಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಬ್ಯಾಂಡಿನವರು ತಮ್ಮ ಊರನ್ನು ಟ್ಯಾಗ್ ಮಾಡುತ್ತಾರೆ. 'ಬ್ಯಾಂಗಲೋರ್' ಅಂತ ಒತ್ತಿದರೆ ಈ ಊರಿನ ಹೊಟ್ಟೆಯೊಳಗೆ ಏನೇನಿದೆ ಅಂತ ಕಾಣುತ್ತದೆ. ಡೆತ್ ಮೆಟಲ್, ಪೋಸ್ಟ್ ರಾಕ್, ಬೆಡ್‌ರೂಮಿನಲ್ಲಿ ಒಬ್ಬನೇ ಕೂತು ಮಾಡಿದ ಎಲೆಕ್ಟ್ರಾನಿಕ್, ಮಳೆ ಸದ್ದಿನ ಮೇಲೆ ಗಿಟಾರ್. ನಮ್ಮ ಬೀದಿಯ ಆಚೆ ಬದಿಯಲ್ಲಿ ಇಷ್ಟು ಸಿಟ್ಟಿನ ಮೆಟಲ್ ಹುಟ್ಟುತ್ತಿದೆ ಅಂತ ಗೊತ್ತಾಗೋಕೆ ನಾನು ಅಮೆರಿಕದ ಸೈಟಿಗೆ ಹೋಗಬೇಕಾಯಿತು.

ಈ ಊರಿನ ಬ್ಯಾಂಡುಗಳು ನೆಟ್ ಅನ್ನು ಬೇಗನೇ ಹಿಡಿದವು ಅನ್ನೋದನ್ನೂ ಹೇಳಬೇಕು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನವರು ತಮ್ಮ ಮೊದಲ ಆಲ್ಬಮ್ಮಿಗೆ ತಮ್ಮ ವೆಬ್‌ಸೈಟಿನ ವಿಳಾಸವನ್ನೇ ಹೆಸರಾಗಿ ಇಟ್ಟರು, ಡಾಟ್ ಕಾಮ್ ಸಮೇತ. ಅದು 2000ನೇ ಇಸವಿ. ನಮ್ಮಲ್ಲಿ ಎಷ್ಟೋ ಜನರಿಗೆ ಇಮೇಲ್ ಐಡಿ ಇರಲಿಲ್ಲ ಆಗ. 2005ರಲ್ಲಿ ಇನ್ನೊಂದು ಆಲ್ಬಂ ಅನ್ನು ನೆಟ್‌ನಲ್ಲಿ ಪುಕ್ಕಟೆ ಬಿಟ್ಟರು. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರ್, ಪಿಟೀಲಿನ ಜೊತೆ ಹಾಡಿ 2010ರಲ್ಲಿ ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದವರೆಗೆ ಹೋದರು. ಆ ವಿಡಿಯೊ ಲಿಂಕ್ ಆಗ ಎಷ್ಟು ಕನ್ನಡಿಗರ ಇನ್‌ಬಾಕ್ಸ್ ಸುತ್ತಿತೋ! ಡಲ್ಲಾಸ್‌ನಲ್ಲಿರುವ ನನ್ನ ಅಣ್ಣ ನನಗೆ ಕಳಿಸಿದ, ನಾನು ಅದನ್ನು ಮೈಸೂರಿನ ಚಿಕ್ಕಪ್ಪನಿಗೆ ಕಳಿಸಿದೆ. ಮೈಸೂರಿನವರ ಹಾಡು ಲಂಡನ್, ಡಲ್ಲಾಸ್, ಬೆಂಗಳೂರು ಸುತ್ತಿ ಮೈಸೂರಿಗೇ ಹೋಯಿತು.

ಪರ್ವಾಜ್ ನನಗೆ ಸಿಕ್ಕಿದ್ದು ಹಾಗಲ್ಲ. ಬೆಂಗಳೂರಿನ ಬ್ಯಾಂಡ್, ಹಾಡೋದು ಉರ್ದು ಮತ್ತು ಕಾಶ್ಮೀರಿಯಲ್ಲಿ. ಹಾಡುವವರು ಕಾಶ್ಮೀರದಿಂದ ಇಲ್ಲಿಗೆ ಬಂದವರು. 2014ರಲ್ಲಿ ಬಂದ ಅವರ ಆಲ್ಬಂ ನನಗೆ ತಡವಾಗಿ, ಆಫೀಸಿನ ಒಬ್ಬ ಹುಡುಗನ ಹೆಡ್‌ಫೋನಿನಿಂದ ಸಿಕ್ಕಿತು. ಪದಗಳು ಅರ್ಥವಾಗದಿದ್ದರೂ ಬೇಸರ ಅರ್ಥವಾಗುತ್ತದೆ. ಗಿಟಾರ್ ನಿಧಾನಕ್ಕೆ ಏರುತ್ತದೆ, ಏರುತ್ತಲೇ ಇರುತ್ತದೆ, ಎಲ್ಲಿ ಒಡೆಯುತ್ತದೋ ಅಂತ ನಾವು ಕಾಯುತ್ತೇವೆ. ಇಂದಿರಾನಗರದ ಹಮ್ಮಿಂಗ್ ಟ್ರೀಯಂಥ ಜಾಗದಲ್ಲಿ ನಿಂತು ಇಂಥದ್ದನ್ನು ಕೇಳುವ ಸುಖವೇ ಬೇರೆ. ಅದೂ 2019ರಲ್ಲಿ ಮುಚ್ಚಿತು.

ಕನ್ನಡದಲ್ಲಿ ಹಾಡುವವರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಡಿಮೆ. ಅವರೆಲ್ಲ ಯೂಟ್ಯೂಬ್‌ನಲ್ಲಿದ್ದಾರೆ. ಕೇಳುವವರು ಅಲ್ಲಿದ್ದಾರೆ ಅನ್ನೋದು ಒಂದು ಕಾರಣ. ದುಡ್ಡಿನ ದಾರಿ ಇನ್ನೊಂದು. ಬ್ಯಾಂಡ್‌ಕ್ಯಾಂಪ್ ಕಲಾವಿದರಿಗೆ ದುಡ್ಡು ಮುಟ್ಟಿಸೋದು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಕಂಪನಿಯ ಮೂಲಕ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿತು. ಅಂದರೆ ಬರ್ಲಿನ್‌ನಲ್ಲಿ ಕೂತವನು ಮಲ್ಲೇಶ್ವರದ ಬ್ಯಾಂಡಿಗೆ ಸುಲಭವಾಗಿ ಐದು ಡಾಲರ್ ಕೊಡಬಹುದು. ರಾಜಾಜಿನಗರದವನು ಪರದಾಡಬೇಕು. ಕೈಯಲ್ಲಿ ಯುಪಿಐ ಇಟ್ಟುಕೊಂಡು ತರಕಾರಿ ಗಾಡಿಯವರಿಗೆ ಹತ್ತು ರೂಪಾಯಿ ಹಾಕುವ ನಾವು!

ಅಂದಮಾತ್ರಕ್ಕೆ ಬ್ಯಾಂಡ್‌ಕ್ಯಾಂಪ್ ಏನು ದೇವಸ್ಥಾನವಲ್ಲ. ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ತಾನಿಟ್ಟುಕೊಳ್ಳುತ್ತದೆ. ಕೊರೊನಾ ಶುರುವಾದಾಗ, 2020ರ ಮಾರ್ಚ್ 20ರ ಶುಕ್ರವಾರ, ಆ ಪಾಲನ್ನೂ ಬಿಟ್ಟುಕೊಟ್ಟಿತು. ಆ ಒಂದು ದಿನ ಜನ 43 ಲಕ್ಷ ಡಾಲರ್ ಖರ್ಚು ಮಾಡಿದರು. ಆಮೇಲೆ 2022ರಲ್ಲಿ ಎಪಿಕ್ ಗೇಮ್ಸ್ ಅದನ್ನು ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಅನ್ನುವ ಕಂಪನಿಗೆ ಮಾರಿತು. ಆ ಕೈಬದಲಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೌಕರರ ಕೆಲಸ ಹೋಯಿತು. ಮುಂದೆ ಏನಾಗುತ್ತದೋ ಯಾರು ಬಲ್ಲರು.

ಈ ಭಯಕ್ಕೆ ಇಂಡೋನೇಷ್ಯಾದ ಸೆನ್ಯಾವಾ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು. ಜೋಗ್ಯಕರ್ತಾದ ಇಬ್ಬರ ತಂಡ. ಒಬ್ಬ ಗಂಟಲನ್ನು ಹಿಂಡಿ, ಗುಟುರು ಹಾಕಿ ಹಾಡುತ್ತಾನೆ. ಇನ್ನೊಬ್ಬ ಬಿದಿರಿನಿಂದ ತಾನೇ ಮಾಡಿಕೊಂಡ ವಾದ್ಯ ನುಡಿಸುತ್ತಾನೆ. 2021ರ ಆಲ್ಬಂ ಅನ್ನು ಅವರು ಒಂದು ಲೇಬಲ್ಲಿಗೆ ಕೊಡಲಿಲ್ಲ. ಬೇರೆ ಬೇರೆ ದೇಶಗಳ 44 ಸಣ್ಣ ಲೇಬಲ್‌ಗಳಿಗೆ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಊರಿಗೆ ತಕ್ಕ ಹಾಗೆ ತಮ್ಮದೇ ಕವರ್ ಮಾಡಿ, ತಮಗೆ ಆದಷ್ಟು ಪ್ರತಿ ತಂದರು. ಒಂದು ಸರ್ವರ್ ಕೆಟ್ಟರೂ ಒಬ್ಬ ಮಾಲೀಕ ಬದಲಾದರೂ ಆ ಆಲ್ಬಂ ಎಲ್ಲಿಗೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಇದರಿಂದ ಇನ್ನೊಂದು ಲಾಭವೂ ಆಯಿತು. ಆ 44 ಲೇಬಲ್‌ಗಳ ಪುಟಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ. ಹೆಂಡತಿಗೆ ಈ ವಿಷಯ ಹೇಳಿಲ್ಲ.

ಇತ್ತೀಚೆಗೆ ನಾನು ಕಂಡುಕೊಂಡ ಸುಲಭದ ಉಪಾಯ ಒಂದಿದೆ. ಬೆಂಗಳೂರಿನಲ್ಲಿ ಸಣ್ಣ ಕಾರ್ಯಕ್ರಮಕ್ಕೆ ಹೋದರೆ, ಮುಗಿದ ಮೇಲೆ ವೈರು ಸುತ್ತುತ್ತಾ ನಿಂತ ಹುಡುಗರ ಹತ್ತಿರ ಹೋಗಿ ನೀವು ಈಗ ಏನು ಕೇಳ್ತಿದ್ದೀರಿ ಅಂತ ಕೇಳೋದು. ಹೊಗಳಿಕೆಗೆ ಅವರು ಮುಜುಗರಪಡುತ್ತಾರೆ, ಈ ಪ್ರಶ್ನೆಗೆ ಮಾತ್ರ ಕಣ್ಣು ಅರಳುತ್ತದೆ. ಹೋದ ಸಲ ಒಬ್ಬ ಬೇಸ್ ಗಿಟಾರಿನ ಹುಡುಗ ಮೂರು ಹೆಸರು ಹೇಳಿದ. ಎರಡು ನೆಟ್‌ನಲ್ಲಿ ಸಿಕ್ಕವು. ಮೂರನೆಯದು ಅವನ ಪರಿಚಯದ ತುಮಕೂರಿನ ಹುಡುಗರದ್ದಂತೆ, ಕನ್ನಡದಲ್ಲಿ ಹಾಡುತ್ತಾರಂತೆ. ಯಾವ ಸೈಟಿನಲ್ಲೂ ಇನ್ನೂ ಇಲ್ಲ. ಅಲ್ಲೇ ನಿಂತು ಒಂದು ಹಾಡನ್ನು ವಾಟ್ಸಾಪ್ ಮಾಡಿದ. ಡ್ರಮ್ಸ್ ಸ್ವಲ್ಪ ಜಾಸ್ತಿಯಾಗಿದೆ, ಹಾಡಿನ ಎರಡನೇ ಚರಣ ಮಾತ್ರ ಬಲು ಸೊಗಸು. ಯಾವಾಗ ಬಿಡುಗಡೆ ಅಂತ ಕೇಳಿದೆ. ಹಾಡೆಲ್ಲ ರೆಡಿ ಇದೆಯಂತೆ, ಹೆಸರಿನದೇ ತಕರಾರು. ಅವರು ಆರಿಸಿಕೊಂಡ ಹೆಸರಿನ ಬ್ಯಾಂಡ್ ಬ್ರೆಜಿಲ್‌ನಲ್ಲಿ ಆಗಲೇ ಇದೆಯಂತೆ, ಅದೂ ಮೂರು ಆಲ್ಬಂ ತಂದು ಕೂತಿದೆಯಂತೆ. ಕೇಳಿ ನೋಡಿದ್ರಾ ಅಂದೆ. 'ಹೂಂ ಸಾರ್, ನಮಗಿಂತ ಚೆನ್ನಾಗಿ ನುಡಿಸ್ತಾರೆ' ಅಂದ. ಆ ಲಿಂಕನ್ನೂ ಇಸ್ಕೊಂಡು ಬಂದೆ.